ಕಿಂಡಿಯ ಒಳಗು ಹೊರಗು: ನೆಲದಡಿಯ ಭಯಾನಕ ಚಿತ್ರಗಳ ರಸವಿಚಾರ

ಆಯುಧಧಾರಿಯಾದ ಕೊಲೆಗಾರನೊಬ್ಬನು ಒಂದು ಗುಂಪಿನ ಜನರನ್ನು ಒಬ್ಬರಾದಮೇಲೊಬ್ಬರಂತೆ ಅರಸಿ ಕೊಲ್ಲುವುದೇ ವಸ್ತುವಾಗಿರುವ ಚಲಚ್ಚಿತ್ರಗಳಿಗೆ ಪಾಶ್ಚಾತ್ಯರಲ್ಲಿ ಸ್ಲ್ಯಾಶರ್ ಚಿತ್ರಗಳೆಂದು ಹೆಸರು. ಇವುಗಳಲ್ಲಿ ಗಣಿ, ಗುಹೆ, ಸುರಂಗ ಮೊದಲಾದ ನೆಲದಡಿಯ ಇಕ್ಕಟ್ಟಿನ ಎಡೆಗಳನ್ನೇ ರಂಗಸ್ಥಳವಾಗಿ ಮಾಡಿಕೊಂಡವು ಒಂದು ಪ್ರತ್ಯೇಕ ವರ್ಗವಾಗಿ ನಿಲ್ಲುತ್ತವೆ. ಇವನ್ನು ಬರಿಯ ರಕ್ತಪ್ರದರ್ಶನವೆಂದು ಬಗೆದು, ಬೀಭತ್ಸದ ಪಾಲಿಗೆ ಬಿಟ್ಟು ಸುಮ್ಮನಾಗುವುದು ಸುಲಭ. ಆದರೆ ಇವುಗಳಲ್ಲಿಯ ಭಯವು ಯಾವ ಕಾರಣದಿಂದ ಹುಟ್ಟುತ್ತದೆಂಬುದನ್ನು ಪರ್ಯಾಲೋಚಿಸಿದರೆ, ಕನ್ನಡನಾಡಿನ ಸುಪ್ರಸಿದ್ಧವಾದ ಐತಿಹ್ಯವೊಂದರ ಸ್ವರೂಪವೂ ಅದರೊಡನೆ ಸ್ಪಷ್ಟವಾಗುತ್ತದೆ. ಚಿತ್ರದುರ್ಗದ ಓಬವ್ವನ ಕಥೆಯೇ ಆ ಐತಿಹ್ಯ. ಇಕ್ಕಟ್ಟೂ ರಕ್ತವೂ ಎರಡು ಕಡೆಗಳಲ್ಲಿಯೂ ಸಮಾನವಾಗಿರಲು, ಒಂದರಲ್ಲಿ ಭಯಾನಕವೂ ಮತ್ತೊಂದರಲ್ಲಿ ವೀರವೂ ಪ್ರಧಾನವಾಗುವುದಕ್ಕೆ ಕಾರಣವೇನೆಂಬುದು ಇಲ್ಲಿಯ ವಿಚಾರ.

ಭರತನು ನಾಟ್ಯಶಾಸ್ತ್ರದಲ್ಲಿ ಭಯಾನಕರಸದ ವಿಭಾವಗಳನ್ನು ಹೇಳುವಾಗ ವಿಕೃತವಾದ ಧ್ವನಿ, ಶೂನ್ಯಗೃಹಕ್ಕೋ ಅರಣ್ಯಕ್ಕೋ ಹೋಗುವುದು, ತನ್ನವರ ವಧಬಂಧನಗಳನ್ನು ಕಾಣುವುದು ಮುಂತಾದುವನ್ನು ಎಣಿಸಿದ್ದಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಶೂನ್ಯಗೃಹವಾಗಲಿ ಅರಣ್ಯವಾಗಲಿ ತನ್ನಷ್ಟಕ್ಕೆ ತಾನೇ ಭಯಹೇತುವಲ್ಲ. ಅಲ್ಲಿಗೆ ಹೋಗುವುದು ಭಯಹೇತು. ಕಾಡಿನಲ್ಲಿಯೇ ಹುಟ್ಟಿ ಬೆಳೆದ ಬೇಡನಿಗೆ ಕಾಡು ಮನೆ. ಊರಿನಿಂದ ಬಂದವನಿಗೆ ಅದೇ ಕಾಡು ಭಯದ ನೆಲೆ. ಸ್ಥಳಕ್ಕೂ ಅದನ್ನು ಹೊಕ್ಕವನಿಗೂ ಇರುವ ಸಂಬಂಧವೇ ರಸವನ್ನು ನಿರ್ಣಯಿಸುತ್ತದೆಂಬುದು ಈ ಎಣಿಕೆಯಿಂದ ಊಹಿಸಬಹುದಾದ ತತ್ತ್ವ.

ಈ ತತ್ತ್ವವನ್ನು ಮೂರು ಚಿತ್ರಗಳಿಗೆ ಹಚ್ಚಿ ನೋಡಬಹುದು. ಗ್ಯಾರಿ ಶರ್ಮನ್ ನಿರ್ದೇಶಿಸಿದ ‘ಡೆತ್ ಲೈನ್’ (೧೯೭೨) ಲಂಡನ್ ನಗರದ ಭೂಗತ ರೈಲುಮಾರ್ಗದಲ್ಲಿ ನಡೆಯುವ ಕಥೆ. ೧೮೯೨ರಲ್ಲಿ ಸುರಂಗವನ್ನು ತೋಡುತ್ತಿದ್ದ ಕೆಲಸಗಾರರು ಮಣ್ಣು ಕುಸಿದು ಒಳಗೆ ಸಿಕ್ಕಿಕೊಳ್ಳಲು, ಕೆಲಸವನ್ನು ವಹಿಸಿಕೊಂಡಿದ್ದ ಕಂಪನಿಯು ದಿವಾಳಿಯಾಗಿ ಅವರನ್ನು ಅಲ್ಲಿಯೇ ಬಿಟ್ಟುಬಿಟ್ಟಿತೆಂಬುದು ಅದರ ಪೂರ್ವಕಥೆ. ಅವರ ಸಂತತಿಯಲ್ಲಿ ಕಡೆಗೆ ಉಳಿದವನೇ ನರಭಕ್ಷಕನಾದ ಕೊಲೆಗಾರ. ಜಾರ್ಜ್ ಮಿಹಾಲ್ಕಾ ನಿರ್ದೇಶಿಸಿದ ಕೆನಡಾದೇಶದ ‘ಮೈ ಬ್ಲಡಿ ವ್ಯಾಲೆಂಟೈನ್’ (೧೯೮೧) ಚಿತ್ರದಲ್ಲಿ ಗಣಿಯ ಮೇಲ್ವಿಚಾರಕರು ಹಬ್ಬದ ನರ್ತನಕ್ಕೆ ಹೋಗುವ ಆತುರದಲ್ಲಿ ಸ್ಫೋಟಕ ಅನಿಲವನ್ನು ಪರೀಕ್ಷಿಸದೆ ಹೊರಡುತ್ತಾರೆ. ಸ್ಫೋಟವಾಗಿ ಕೆಲಸಗಾರರು ಹೂತುಹೋಗುತ್ತಾರೆ. ಬದುಕಿ ಬಂದವನೊಬ್ಬನ ಸೇಡು ಊರನ್ನೆಲ್ಲ ಹೆದರಿಸುವ ನೆನಪಾಗಿ ನಿಲ್ಲುತ್ತದೆ. ವರ್ಷಗಳ ಮೇಲೆ ಅದೇ ವೇಷದಲ್ಲಿ, ಅನಿಲದ ಮುಖವಾಡವನ್ನು ಧರಿಸಿ, ಗುದ್ದಲಿಯನ್ನು ಹಿಡಿದು ಕೊಲ್ಲುವವನು ಬೇರೊಬ್ಬನೆಂಬುದು ಕಡೆಯಲ್ಲಿ ಹೊರಬೀಳುವುದಾದರೂ, ಅವನೂ ಗಣಿಯ ಕೆಲಸಗಾರನೇ. ನೀಲ್ ಮಾರ್ಷಲ್ ನಿರ್ದೇಶಿಸಿದ ‘ದಿ ಡಿಸೆಂಟ್’ (೨೦೦೫) ಚಿತ್ರದಲ್ಲಿ ಆರು ಮಂದಿ ಹೆಂಗಸರು ಗುಹೆಯೊಂದನ್ನು ಹೊಗುತ್ತಾರೆ. ಅವರ ಮುಂದಾಳು ಜೂನೋ, ಎಲ್ಲರೂ ಬಲ್ಲ ಗುಹೆಯೆಂದು ನಂಬಿಸಿ, ಯಾವ ನಕ್ಷೆಯಲ್ಲಿಯೂ ಇಲ್ಲದ ಗುಹೆಗೆ ಅವರನ್ನು ಕರೆತಂದಿರುತ್ತಾಳೆ. ಹಿಂದಿನ ದಾರಿ ಕುಸಿದು ಮುಚ್ಚುತ್ತದೆ. ಕಣ್ಣಿಲ್ಲದೆ ಸದ್ದಿನಿಂದಲೇ ಬೇಟೆಯಾಡುವ ಮನುಷ್ಯಾಕೃತಿಯ ಜೀವಿಗಳು ಒಳಗೆ ಕಾದಿರುತ್ತವೆ.

ಈ ಮೂರರ ಕಥೆ ಬೇರೆಬೇರೆಯಾದರೂ ರಚನೆ ಒಂದೇ. ಮೊದಲನೆಯದಾಗಿ, ಇಕ್ಕಟ್ಟು ಗುಂಪನ್ನು ಒಡೆಯುತ್ತದೆ. ಬಯಲಿನಲ್ಲಿ ಆರು ಮಂದಿಗೆ ಆರು ಮಂದಿಯ ಬಲ. ತೆವಳಿ ಹೋಗಬೇಕಾದ ಬಿಲದಲ್ಲಿ ಮುಂದಿರುವ ಒಬ್ಬಳ ಬಲವಷ್ಟೇ ಎಲ್ಲರ ಬಲ. ಎರಡನೆಯದಾಗಿ, ಆ ಎಡೆಗೆ ಒಬ್ಬ ಒಡೆಯನುಂಟು. ಕೊಲ್ಲುವವನು ಹೊರಗಿನಿಂದ ಬಂದವನಲ್ಲ, ಕತ್ತಲೆಯ ತಿರುವುಗಳನ್ನು ಬಲ್ಲ ನಿವಾಸಿ. ಅವನ ಆಯುಧ ಕೂಡ ಯುದ್ಧಕ್ಕಾಗಿ ಮಾಡಿದುದಲ್ಲ. ಗಣಿಯವನ ಗುದ್ದಲಿಯು ಅವನ ದಿನದ ಕೆಲಸದ ಉಪಕರಣ. ಮೂರನೆಯದಾಗಿ, ಸಾಯುವವರು ಬಂದವರು. ಅವರ ಭಯವೆಂದರೆ ಇನ್ನೊಬ್ಬರ ನೆಲೆಯನ್ನು ತಿಳಿಯದೆ ಹೊಕ್ಕವರ ಭಯ. ಮೊದಲ ಎರಡು ಚಿತ್ರಗಳಲ್ಲಿ ಈ ಭಯಕ್ಕೆ ಪಾಪಪ್ರಜ್ಞೆಯೂ ಕೂಡಿದೆ: ನೆಲದ ಮೇಲಿನವರು ಕೆಳಗಿನವರನ್ನು ಮರೆತ ತಪ್ಪು ಕತ್ತಲೆಯಿಂದ ಎದ್ದು ಬರುತ್ತದೆ.

ಇನ್ನು ಕನ್ನಡನಾಡಿನ ಕಥೆ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕಾನಹೊಸಹಳ್ಳಿಯುಂಟು. ಅದು ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿಗೆ ಸೇರಿದೆ. ಅದೇ ತಾಲ್ಲೂಕಿನ ಗುಡೇಕೋಟೆ ಓಬವ್ವನ ತವರೂರೆಂಬ ಪ್ರತೀತಿ ಆ ಸೀಮೆಯಲ್ಲಿ ಬಲವಾಗಿದೆ. ಗುಡೇಕೋಟೆಯ ಸುತ್ತಣ ಬಂಡೆಗಳ ಬೆಟ್ಟಗಳು ಕರಡಿಗಳ ರಕ್ಷಿತಧಾಮವಾಗಿವೆ. ಬಂಡೆಯ ಸಂದಿಗೆ ಒಡೆಯನಿರುತ್ತಾನೆಂಬುದು ಇಂತಹ ಸೀಮೆಯವರಿಗೆ ಯಾರೂ ಕಲಿಸಬೇಕಾದ ಮಾತಲ್ಲ.

ಐತಿಹ್ಯವು ಎಲ್ಲರಿಗೂ ವಿದಿತವಾದುದೇ. ದುರ್ಗದ ಕಡೆಯ ಪಾಳೆಯಗಾರ ಮದಕರಿನಾಯಕನ ಮೇಲೆ ಹೈದರಾಲಿಯು ದಂಡೆತ್ತಿ ಬಂದು ಮುತ್ತಿಗೆ ಹಾಕಿದಾಗ, ಬಂಡೆಗಳ ನಡುವಣ ಕಿಂಡಿಯೊಂದರಿಂದ ಹೆಂಗಸೊಬ್ಬಳು ಕೋಟೆಯನ್ನು ಹೊಗುವುದನ್ನು ಶತ್ರುಗಳು ಕಂಡರು. ಆ ದಾರಿಯಿಂದ ಒಬ್ಬೊಬ್ಬರಾಗಿ ನುಸುಳುವ ಉಪಾಯವನ್ನು ಹೂಡಿದರು. ಕಾವಲುಗಾರನಾದ ಕಹಳೆಯ ಮುದ್ದಹನುಮನು ಊಟಕ್ಕೆ ಕುಳಿತಿದ್ದನು. ಅವನ ಹೆಂಡತಿ ಓಬವ್ವ ನೀರು ತರಲು ಹೋದಾಗ ಕಿಂಡಿಯ ಕಡೆಯಿಂದ ಬಂದ ಸದ್ದನ್ನು ಕೇಳಿ, ಒನಕೆಯನ್ನು ತಂದು ಮರೆಯಲ್ಲಿ ನಿಂತಳು. ತಲೆಯನ್ನು ಒಳಗಿಟ್ಟವನನ್ನು ಬಡಿದು ಕೊಂದು, ಹಿಂದೆ ಬರುವವನಿಗೆ ಸಂಶಯ ಬಾರದಂತೆ ಹೆಣವನ್ನು ಬದಿಗೆ ಎಳೆದು, ಮುಂದಿನವನಿಗಾಗಿ ಕಾದಳು. ದುರ್ಗವು ೧೭೭೯ರಲ್ಲಿ ಹೈದರನ ವಶವಾಯಿತು. ಕಿಂಡಿ ಮಾತ್ರ ಆಕೆಯ ಹೆಸರಿನಲ್ಲಿಯೇ ಉಳಿದಿದೆ.

ಈ ಕಥೆಯನ್ನು ಮೇಲಣ ಚಿತ್ರಗಳ ಪಕ್ಕದಲ್ಲಿ ಇಟ್ಟರೆ ಅಂಗಾಂಗಗಳು ಒಂದೊಂದೂ ಹೊಂದಿಕೊಳ್ಳುವುದು ಆಶ್ಚರ್ಯಕರವಾಗಿದೆ. ಇಕ್ಕಟ್ಟಾದ ಬಂಡೆಯ ಬಾಯಿ. ಬಲವಿದ್ದೂ ಒಬ್ಬೊಬ್ಬನಾಗಿಯೇ ಬರಬೇಕಾದ ದಂಡು. ಸದ್ದನ್ನು ಆಲಿಸಿ ಮರೆಯಲ್ಲಿ ಕಾಯುವ ಕೊಲೆಗಾರ. ಮನೆಗೆಲಸದ ಉಪಕರಣವೇ ಆಯುಧ. ಮುಂದಿನವನಿಗೆ ತಿಳಿಯದಂತೆ ಮರೆಯಾಗುವ ಹೆಣ. ಹೈದರನ ಸೈನಿಕನೊಬ್ಬನ ಕಡೆಯಿಂದ ಈ ಕಥೆಯನ್ನು ಹೇಳಿದರೆ ಅದು ಅಕ್ಷರಶಃ ಸ್ಲ್ಯಾಶರ್ ಚಿತ್ರವಾಗುತ್ತದೆ. ಮುಂದೆ ಹೋದ ಗೆಳೆಯನು ಕತ್ತಲೆಯಲ್ಲಿ ಕರಗಿದನು, ಕೂಗಿಲ್ಲ, ಗುರುತಿಲ್ಲ, ಇನ್ನು ತಲೆಯಿಡಬೇಕಾದವನು ತಾನು. ವ್ಯತ್ಯಾಸವು ಘಟನೆಯಲ್ಲಿಲ್ಲ, ಕೇಳುವವನನ್ನು ಕಿಂಡಿಯ ಯಾವ ಕಡೆಯಲ್ಲಿ ನಿಲ್ಲಿಸಿದೆ ಎಂಬುದರಲ್ಲಿದೆ. ಒಳಗಡೆ ನಿಂತವನಿಗೆ ವೀರ, ಹೊರಗಿನಿಂದ ತೆವಳಿ ಬರುವವನಿಗೆ ಭಯಾನಕ.

ಪುಟ್ಟಣ್ಣ ಕಣಗಾಲ್ ಅವರು ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ನಿರ್ದೇಶಿಸಿದ ‘ನಾಗರಹಾವು’ (೧೯೭೨) ಚಿತ್ರದಲ್ಲಿ ಈ ಪ್ರಸಂಗವು ಗೀತರೂಪದಲ್ಲಿ ಬರುತ್ತದೆ. ಓಬವ್ವನ ಪಾತ್ರವನ್ನು ಜಯಂತಿ ಅವರು ವಹಿಸಿದ್ದಾರೆ, ಹಾಡನ್ನು ಪಿ. ಬಿ. ಶ್ರೀನಿವಾಸ್ ಅವರು ಹಾಡಿದ್ದಾರೆ. ರಸದೃಷ್ಟಿಯಿಂದ ಈ ಗೀತರೂಪವು ಬಹು ಮುಖ್ಯವಾದುದು. ಕಥೆಯನ್ನು ಹೇಳುವ ಧ್ವನಿ ಪಾತ್ರದ್ದಲ್ಲ, ನಡೆದುಹೋದುದನ್ನು ಕೊಂಡಾಡುವ ಗಾಯಕನದು. ಮುಂದೇನಾಗುವುದೋ ಎಂಬ ತಲ್ಲಣಕ್ಕೆ ಅಲ್ಲಿ ಎಡೆಯಿಲ್ಲ. ಕೀರ್ತಿಯು ಮೊದಲೇ ನಿರ್ಣೀತವಾಗಿದೆ. ಭಯಾನಕ ಚಿತ್ರವಾದರೋ ಮೌನವನ್ನೂ ಅನಿಶ್ಚಯವನ್ನೂ ಅವಲಂಬಿಸಿರುತ್ತದೆ. ‘ದಿ ಡಿಸೆಂಟ್’ ಚಿತ್ರದಲ್ಲಿ ಸದ್ದು ಮಾಡಿದವಳೇ ಸಾಯುವಳು. ‘ನಾಗರಹಾವಿ’ನಲ್ಲಿ ಕೊಲೆಗಳೆಲ್ಲ ತುಂಬುಗಂಠದ ಹಾಡಿನೊಳಗೇ ನಡೆಯುತ್ತವೆ. ಒಂದೇ ವಿಭಾವವನ್ನು ಎರಡು ರಸಗಳಿಗೆ ತಿರುಗಿಸುವಲ್ಲಿ ಧ್ವನಿಯ ಪಾತ್ರವೆಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇಲ್ಲಿ ಪ್ರಕೃತಿವಿಚಾರವೂ ಬರುತ್ತದೆ. ಭರತನು ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಹೇಳಿ, ಉತ್ಸಾಹವನ್ನು ಉತ್ತಮಪ್ರಕೃತಿಯವರಿಗೆ ಮೀಸಲಿಟ್ಟಿದ್ದಾನೆ. ಕಾವಲುಗಾರನ ಹೆಂಡತಿ ಈ ವಿಂಗಡಣೆಯನ್ನು ಒಂದೇ ಏಟಿಗೆ ಮುರಿಯುತ್ತಾಳೆ. ಪಾಶ್ಚಾತ್ಯ ಚಿತ್ರಗಳಲ್ಲಿಯೂ ಇಂತಹುದೇ ಒಂದು ಮುರಿತವನ್ನು ಅಮೆರಿಕಾದ ವಿದುಷಿ ಕ್ಯಾರಲ್ ಕ್ಲೋವರ್ ೧೯೮೭ರ ಪ್ರಬಂಧದಲ್ಲಿಯೂ ೧೯೯೨ರ ಗ್ರಂಥದಲ್ಲಿಯೂ ಗುರುತಿಸಿದ್ದಾರೆ. ಎಲ್ಲರೂ ಸತ್ತಮೇಲೆ ಕಡೆಗುಳಿಯುವವಳು ಒಬ್ಬ ಹುಡುಗಿ. ಓಡುತ್ತ ಹೆದರುತ್ತ ಬಂದವಳು ತಿರುಗಿ ನಿಂತು ಕೊಲೆಗಾರನನ್ನು ಎದುರಿಸುತ್ತಾಳೆ. ನೆಲದಡಿಯ ಚಿತ್ರಗಳಲ್ಲಿ ಆಕೆ ತಿರುಗಿ ನಿಲ್ಲುವುದು ಯಾವಾಗ ಎಂಬುದನ್ನು ನೋಡಬೇಕು. ‘ದಿ ಡಿಸೆಂಟ್’ ಚಿತ್ರದ ಸಾರಾ ಗುಹೆಯ ಕತ್ತಲೆಗೆ ಒಗ್ಗಿ, ಸದ್ದಿಲ್ಲದೆ ನಡೆಯುವುದನ್ನು ಕಲಿತು, ಆ ಎಡೆಯ ನಿವಾಸಿಗಳಂತೆಯೇ ಆದಮೇಲೆ. ಅಂದರೆ ಭಯದಿಂದ ಉತ್ಸಾಹಕ್ಕೆ ದಾಟುವ ದಾರಿ ಆ ಸ್ಥಳದ ಅರಿವು. ಅವಳು ಕಷ್ಟದಿಂದ ಸಂಪಾದಿಸುವ ಈ ಅರಿವು ಓಬವ್ವನಿಗೆ ಹುಟ್ಟಿನ ಸ್ವತ್ತು. ಆದರೆ ಸಾರಾಳ ಗೆಲವು ಗೆಲವೇ ಅಲ್ಲ: ಬ್ರಿಟನ್ನಿನಲ್ಲಿ ತೋರಿಸಿದ ಮೂಲಪಾಠದಲ್ಲಿ ಆಕೆ ಕಡೆಗೂ ಗುಹೆಯೊಳಗೇ ಉಳಿಯುತ್ತಾಳೆ.

ಈ ವಾದಕ್ಕೆ ಆಕ್ಷೇಪವೊಂದು ಬರಬಹುದು. ಒಳಗಿನವನಿಗೆ ವೀರವೆಂಬುದೇ ನಿಯಮವಾದರೆ, ತನ್ನದಲ್ಲದ ಗಣಿಯನ್ನು ಹೊಕ್ಕು ಗೆಲ್ಲುವ ನಾಯಕನ ಗತಿಯೇನು? ಪ್ರಶಾಂತ್ ನೀಲ್ ನಿರ್ದೇಶಿಸಿದ ‘ಕೆ.ಜಿ.ಎಫ್.’ (೨೦೧೮) ಚಿತ್ರದ ರಾಕಿಯು ಅಂತಹವನು. ಆದರೆ ಅವನು ಆಳುಗಳಲ್ಲಿ ಒಬ್ಬನಾಗಿ ಒಳಸೇರಿ, ಅವರ ದುಃಖವನ್ನು ಕಂಡು, ಸ್ಥಳವನ್ನು ಅರಿತ ಬಳಿಕವೇ ಗರುಡನನ್ನು ಕೊಲ್ಲುತ್ತಾನೆ. ಒಳಗಿನವನಾಗದೆ ಅವನಿಗೂ ವೀರವಿಲ್ಲ. ಆದುದರಿಂದ ನಿಯಮಕ್ಕೆ ಭಂಗವಿಲ್ಲ. ಕೊರತೆಯಿರುವುದು ಬೇರೆಡೆಯಲ್ಲಿ. ಕೋಲಾರದ ನಿಜವಾದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿದ್ದು, ೨೦೦೧ರಲ್ಲಿ ಮುಚ್ಚಿತು. ಅಷ್ಟು ಆಳದಲ್ಲಿ ಒತ್ತಡದಿಂದ ಬಂಡೆಯೇ ಸಿಡಿಯುವ ಅಪಾಯವು ಅಲ್ಲಿಯ ಕೆಲಸಗಾರರ ನಿತ್ಯಾನುಭವವಾಗಿತ್ತು. ಗಣಿಯ ಕೆಲಸಗಾರನು ಬಂದವನೂ ಅಲ್ಲ, ಒಡೆಯನೂ ಅಲ್ಲ. ಬಲ್ಲ ಎಡೆಗೇ ದಿನವೂ ಇಳಿದು, ದಿನವೂ ಅಂಜುವವನು. ‘ಡೆತ್ ಲೈನ್’ ಚಿತ್ರವು ಒರಟಾಗಿಯಾದರೂ ಈ ಭಯವನ್ನು ಮುಟ್ಟಿದೆ. ‘ಕೆ.ಜಿ.ಎಫ್.’ ಚಿತ್ರದಲ್ಲಿ ಅದು ನಾಯಕನ ಪರಾಕ್ರಮಕ್ಕೆ ಹಿನ್ನೆಲೆಯ ಪರದೆ ಮಾತ್ರವಾಗಿದೆ.

ಇದೇ ದೋಷವು ಓಬವ್ವನ ಕಥೆಯನ್ನು ಹೇಳುವಲ್ಲಿಯೂ ನುಸುಳುವ ಸಂಭವವುಂಟು. ೨೦೨೧ರಿಂದ ರಾಜ್ಯಸರ್ಕಾರವು ನವೆಂಬರ್ ೧೧ನೆಯ ದಿನವನ್ನು ಆಕೆಯ ಜಯಂತಿಯಾಗಿ ಆಚರಿಸುತ್ತಿದೆ. ಶಾಲೆಗಳಲ್ಲಿ ಕಥೆಯು ಮಕ್ಕಳಿಗೆ ಪಾಠವಾಗಿದೆ. ಇಂತಹ ಕಡೆಗಳಲ್ಲಿ ಕಿಂಡಿಯ ಬಳಿಯ ಏಕಾಂತವನ್ನೂ ಭಯವನ್ನೂ ಬಿಟ್ಟು ಜಯಘೋಷವನ್ನಷ್ಟೇ ಉಳಿಸಿಕೊಳ್ಳುವುದು ಸುಲಭವಾದ ದಾರಿ. ಆದರೆ ಐತಿಹ್ಯವು ತಾನಾಗಿಯೇ ಇದನ್ನು ತಡೆಯುತ್ತದೆ. ಓಬವ್ವನ ಮರಣದ ವಿಷಯದಲ್ಲಿ ಎರಡು ಪಾಠಗಳಿವೆ: ಶತ್ರುವಿನ ಕೈಯಿಂದ ಸತ್ತಳೆಂಬುದೊಂದು, ನಡೆದುದರ ಆಘಾತದಿಂದಲೇ ಪ್ರಾಣ ಹೋಯಿತೆಂಬುದು ಇನ್ನೊಂದು. ಮೊದಲನೆಯದು ವೀರಕ್ಕೆ ಒಪ್ಪುವ ಮುಗಿವು. ಎರಡನೆಯದರಲ್ಲಿ ಕಿಂಡಿಯ ಒಳಗು ಹೊರಗುಗಳ ಗೆರೆಯೇ ಅಳಿಸಿಹೋಗುತ್ತದೆ. ತನ್ನ ಸುತ್ತ ಬಿದ್ದಿರುವ ಹೆಣಗಳನ್ನು ಕಂಡ ಒಳಗಿನವಳು ಕೂಡ ಆ ಎಡೆಗೆ ಹೊಸಬಳಾಗುತ್ತಾಳೆ. ಬಲ್ಲ ಕಿಂಡಿಯೇ ಆಕೆಗೆ ಶೂನ್ಯಗೃಹವಾಗುತ್ತದೆ. ಎರಡು ಪಾಠಗಳಲ್ಲಿ ಯಾವುದು ಐತಿಹಾಸಿಕವೆಂಬ ಪ್ರಶ್ನೆ ಬೇರೆ; ರಸದೃಷ್ಟಿಗೆ ಎರಡನೆಯದು ಹೆಚ್ಚು ಗಂಭೀರವಾದುದು.

ಆದುದರಿಂದ ನೆಲದಡಿಯ ಭಯಾನಕ ಚಿತ್ರಗಳನ್ನು ತಿರಸ್ಕರಿಸುವುದರಿಂದ ಸಾಹಿತ್ಯವಿದ್ಯಾರ್ಥಿಗೆ ಲಾಭವಿಲ್ಲ. ಇವುಗಳಲ್ಲಿ ಅನೇಕವು ಕೀಳಾದ ಕೃತಿಗಳೆಂಬುದು ನಿಜ. ಹೆಣಗಳ ಎಣಿಕೆಯೇ ಅವುಗಳ ಬಂಡವಾಳ. ಆದರೂ ಉತ್ತಮವಾದ ಕೆಲವು, ಕಿಂಡಿಯ ಹೊರಗಿನಿಂದ ತೆವಳಿ ಬರುವವನ ಎದೆಬಡಿತವನ್ನು ಕೇಳಿಸುತ್ತವೆ. ಆ ಬಡಿತವನ್ನು ಒಮ್ಮೆ ಕೇಳಿದ ಉಪಾಧ್ಯಾಯನು ಓಬವ್ವನ ಪಾಠವನ್ನು ಹೇಳುವಾಗ, ಆಕೆಯ ಸಾಹಸವನ್ನು ಕಿರಿದುಗೊಳಿಸದೆಯೇ, ಆಕೆ ಎತ್ತಿದ ಒನಕೆಯ ಭಾರವನ್ನು ವಿದ್ಯಾರ್ಥಿಗೆ ತಿಳಿಸಬಲ್ಲನು.