ಅರಸರ ಕೊಡುಗೆ, ಪರದೇಶದ ನಾದ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಮೈಸೂರು ಸಂಸ್ಥಾನದಲ್ಲಿದ್ದ ಕಾಲವದು. 1945ರಲ್ಲಿ ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮಹಾರಾಜ ಜಯಚಾಮರಾಜ ಒಡೆಯರು ಧನಸಹಾಯವಿತ್ತರು. ಅವರ ನೆರವಿನಿಂದಲೇ ರಷ್ಯಾದ ನಿಕೊಲಾಯ್ ಮೆಟ್ನರ್ 1947ರಲ್ಲಿ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಆ ವೃಂದದೊಡನೆ ಧ್ವನಿಮುದ್ರಿಸಿದರು. ಆ ಕೃತಿಯನ್ನು ಅರಸರಿಗೇ ಅರ್ಪಿಸಿದರು.

ಬರದ ಸೀಮೆಯನ್ನಾಳುವ ಅರಸರ ಹಣ ಪರದೇಶದ ಸಂಗೀತಕ್ಕೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೂ ಆ ಮುದ್ರಿಕೆಯನ್ನೊಮ್ಮೆ ಆಲಿಸಿರಿ. 67ರ ವೃದ್ಧರ ಬೆರಳುಗಳು ದಣಿದಿಲ್ಲ. ನೂರು ದನಿಗಳ ವೃಂದವು ಪಿಯಾನೊವನ್ನು ಮುಳುಗಿಸದೆ, ಅದರ ಮಾತನ್ನು ಕೇಳಿಯೇ ಮರುನುಡಿಯುತ್ತದೆ. ಮರೆವಿಗೆ ಸಲ್ಲುತ್ತಿದ್ದ ಕಲಾವಿದರೊಬ್ಬರ ನಾದ ಹೀಗೆ ಉಳಿಯಿತು. ಸ್ವತಃ ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದ ಅರಸರು ಅನ್ಯರ ಸಂಗೀತವನ್ನೂ ಪರಕೀಯವೆನ್ನಲಿಲ್ಲ.

ಕೊರತೆಯೊಂದೇ: ಅದನ್ನು ಕೇಳಿದವರು ನಮ್ಮಲ್ಲಿ ವಿರಳ. ನಿಮ್ಮ ಮಕ್ಕಳಿಗಾದರೂ ಕೇಳಿಸಿರಿ.