ಬೇಡಿಕೆಗೆ ಮೊದಲಿನ ಸ್ತುತಿ: ಕೋಲಾರ ಸೀಮೆಯ ಕ್ರೈಸ್ತ ಆರಾಧನೆ

ಕ್ರೈಸ್ತ ಪ್ರಾರ್ಥನೆಯಲ್ಲಿ ಆರಾಧನೆ ಎಂದರೆ ದೇವರನ್ನು ಆತನು ದೇವರೆಂಬ ಒಂದೇ ಕಾರಣಕ್ಕೆ ಸ್ತುತಿಸುವುದು. ಪಾಪದ ಅರಿಕೆ, ಉಪಕಾರ ಸ್ಮರಣೆ, ಬೇಡಿಕೆ ಇವೂ ಪ್ರಾರ್ಥನೆಯ ಅಂಗಗಳೇ. ಆದರೆ ಅವುಗಳಲ್ಲಿ ಪ್ರಾರ್ಥಿಸುವವರ ತಪ್ಪು, ಅವರು ಪಡೆದದ್ದು, ಅವರ ಕೊರತೆ ಮುಂದೆ ನಿಲ್ಲುತ್ತವೆ. ಆರಾಧನೆಯಲ್ಲಿ ಅವರು ಹಿಂದೆ ಸರಿಯುತ್ತಾರೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಕ್ರಮವೇ ಇದಕ್ಕೆ ಆಧಾರ. ಅದರ ಮೊದಲ ಮೂರು ಮಾತುಗಳು ದೇವರ ನಾಮ, ರಾಜ್ಯ, ಚಿತ್ತಗಳಿಗೆ ಸೇರಿವೆ. ಆಹಾರದ ಮಾತು ಬರುವುದು ಆಮೇಲೆ. 150 ಕೀರ್ತನೆಗಳ ಗ್ರಂಥದಲ್ಲಿ ಗೋಳಿಗೂ ದೂರಿಗೂ ಸಿಟ್ಟಿಗೂ ಧಾರಾಳ ಎಡೆಯಿದೆ, ಆದರೂ ಅದರ ಕೊನೆಯ ಐದು ಕೀರ್ತನೆಗಳು ಸ್ತುತಿಯಿಂದ ಆರಂಭವಾಗಿ ಸ್ತುತಿಯಲ್ಲೇ ಮುಗಿಯುತ್ತವೆ. ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು, ಸಂತರಿಗೂ ಪ್ರತಿಮೆಗಳಿಗೂ ಸಲ್ಲುವುದು ಗೌರವ ಮಾತ್ರ ಎಂದು 787ರ ಎರಡನೆಯ ನಿಕೇಯ ಮಹಾಸಭೆ ಗೆರೆ ಎಳೆಯಿತು.

ಕೋಲಾರ ಸೀಮೆಗೆ ಈ ಆರಾಧನೆ ಹಲವು ದಾರಿಗಳಲ್ಲಿ ಬಂದಿತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876-78ರ ಆಸುಪಾಸಿನಲ್ಲಿ, ತಬ್ಬಲಿಯಾದ ಮಕ್ಕಳಿಗೆ ಮಿಷನರಿ ಮಿಸ್ ಆನ್‌ಸ್ಟೀ ಕೋಲಾರದಲ್ಲಿ ಅನಾಥಾಲಯ ನಡೆಸಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂದಿತು. ಊರಿನ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆ ಆ ಮಿಷನ್ನಿನದೇ ಕೊಡುಗೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅಮೆರಿಕನ್ ಮೆಥಡಿಸ್ಟರು ಅದರೊಳಗೆ ಸೇರಲಿಲ್ಲ, ಹೀಗಾಗಿ ಕೋಲಾರದ ಮೆಥಡಿಸ್ಟ್ ಪರಂಪರೆ ಬೇರೆಯಾಗಿಯೇ ಉಳಿಯಿತು. ಇತ್ತ 1880ರ ನಂತರ ಚಿನ್ನದ ಗಣಿಗೆ ಬಂದ ತಮಿಳು ಕಾರ್ಮಿಕರೊಂದಿಗೆ ಕ್ಯಾಥೊಲಿಕ್ ದೇವಾಲಯಗಳು ಬೆಳೆದವು. ಕೋಲಾರ ಜಿಲ್ಲೆ ಈಗ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಈಚಿನ ದಶಕಗಳಲ್ಲಿ ಪೆಂತೆಕೊಸ್ತ್ ಸಭೆಗಳೂ ಮನೆ ಪ್ರಾರ್ಥನೆಯ ಗುಂಪುಗಳೂ ಬೆಳೆದಿವೆ. ಕನ್ನಡದಲ್ಲಿ ಪ್ರಸಂಗ ಕೇಳಿ, ತೆಲುಗಿನಲ್ಲಿ ಹಾಡಿ, ಮನೆಯಲ್ಲಿ ತಮಿಳಿನಲ್ಲಿ ಪ್ರಾರ್ಥಿಸುವುದು ಈ ಗಡಿ ಸೀಮೆಯಲ್ಲಿ ಹೊಸತಲ್ಲ.

ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಭೆಯ ಆರಾಧನೆಯ ಬೆನ್ನೆಲುಬು ಹಾಡು. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಕನ್ನಡಕ್ಕೆ ಇಡೀ ಬೈಬಲ್ ಕೊಟ್ಟ ಮೇಲೆ ಗದ್ಯದ ಪ್ರಾರ್ಥನೆಗೆ ಗಟ್ಟಿ ಭಾಷೆ ಸಿಕ್ಕಿತು. ಹಾಡಿನ ವಿಷಯದಲ್ಲಿ ಹಾಗಾಗಲಿಲ್ಲ. ಜರ್ಮನ್, ಇಂಗ್ಲಿಷ್ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿದಾಗ ರಾಗ ಮುಂದಾಗಿ ಪದ ಹಿಂದಾಯಿತು. ಹ್ರಸ್ವ ಇರಬೇಕಾದಲ್ಲಿ ದೀರ್ಘ ಬಂದು, ಪದ ನಡುವೆಯೇ ಮುರಿದು, ಹಾಡುವವರ ಬಾಯಿಗೆ ಸ್ತುತಿ ಒಗ್ಗದೆ ಹೋದ ಎಡೆಗಳು ಸಾಕಷ್ಟಿವೆ. ಫರ್ಡಿನೆಂಡ್ ಕಿಟ್ಟೆಲ್ ಇದನ್ನು ಅರಿತಿದ್ದಂತೆ ತೋರುತ್ತದೆ. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಚರಿತೆಯನ್ನು ದೇಸಿ ಹಾಡಿನ ಧಾಟಿಗೆ ತಂದರು. ಆ ದಾರಿಯನ್ನು ಸಭೆಗಳು ಮನಸ್ಸಿಟ್ಟು ಹಿಡಿಯದೇ ಹೋದದ್ದು ಕನ್ನಡ ಆರಾಧನೆಗೆ ಆದ ದೊಡ್ಡ ನಷ್ಟ. ಹಾಗೆಂದು ಹಳೆಯ ಗೀತೆಗಳನ್ನು ತಳ್ಳಿಹಾಕುವಂತಿಲ್ಲ. ಅಕ್ಷರ ಬಾರದ ಅಜ್ಜಿಯರಿಗೂ ಅವು ಕಂಠಪಾಠವಾಗಿದ್ದವು. ಒಂದೊಂದು ಚರಣದಲ್ಲಿ ಸೃಷ್ಟಿ, ರಕ್ಷಣೆ, ನಿತ್ಯಜೀವಗಳನ್ನು ಕ್ರಮವಾಗಿ ಕಟ್ಟಿಕೊಡುವ ಶಿಸ್ತು ಇಂದಿನ ಹಾಡುಗಳಲ್ಲಿ ಅಪರೂಪ.

ಕ್ಯಾಥೊಲಿಕರಲ್ಲಿ ಆರಾಧನೆಗೆ ವಿಶೇಷ ರೂಪವೊಂದಿದೆ: ಪರಮಪ್ರಸಾದದ ಮುಂದೆ ಮೊಣಕಾಲೂರಿ ಕಳೆಯುವ ಹೊತ್ತು. ಕ್ರಿಸ್ತನ ಪರಮಪ್ರಸಾದದ ಹಬ್ಬವನ್ನು 1264ರಲ್ಲಿ ನಾಲ್ಕನೆಯ ಅರ್ಬನ್ ಪೋಪರು ಸಾರಿದಂದಿನಿಂದ ಈ ಭಕ್ತಿ ಬಲಗೊಂಡಿತು. ಇದು ಬಲಿಪೂಜೆಯಿಂದ ಹುಟ್ಟಿ ಬಲಿಪೂಜೆಗೇ ಮರಳಬೇಕು, ಇದರಲ್ಲಿ ವಾಚನ, ಹಾಡುಗಳ ಜೊತೆಗೆ ಮೌನಕ್ಕೂ ಕಾಲ ಸಿಗಬೇಕು ಎಂಬುದು ರೋಮಿನ 1973ರ ವಿಧಿಗ್ರಂಥದ ಆಶಯ. ಇಲ್ಲಿನ ರೂಢಿಯನ್ನು ಅಳೆಯಬೇಕಾದದ್ದು ಈ ಅಳತೆಯಿಂದಲೇ. ತಿಂಗಳ ಮೊದಲ ಶುಕ್ರವಾರಗಳ ಆರಾಧನೆಯ ಗಂಟೆ ಎಷ್ಟೋ ಕಡೆ ಮೈಕಿನ ಪ್ರಾರ್ಥನೆಗಳಿಂದ, ಕೋರಿಕೆಗಳ ಪಟ್ಟಿಯಿಂದ, ಹಾಡಿನ ಮೇಲೆ ಹಾಡಿನಿಂದ ತುಂಬಿಹೋಗುತ್ತದೆ. ಪರೀಕ್ಷೆ, ಮದುವೆ, ಕೆಲಸ, ಕಾಯಿಲೆ ಎಲ್ಲವೂ ಅಲ್ಲಿ ಕೇಳಿಬರುತ್ತವೆ. ದುಃಖಿತರು ಬೇಡುವುದು ತಪ್ಪಲ್ಲ. ಆದರೆ ಬೇಡದೆ ಸುಮ್ಮನೆ ಕೂರಲೆಂದೇ ಮೀಸಲಾದ ಒಂದು ಗಂಟೆಯೂ ಬೇಡಿಕೆಯ ಪಾಲಾದರೆ ಆರಾಧನೆಗೆ ಉಳಿಯುವ ಜಾಗ ಯಾವುದು?

ದೇಹದ ಭಂಗಿಯ ಪ್ರಶ್ನೆ ಇನ್ನೂ ತೊಡಕಿನದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಯ ಪೂಜೆಗೆ ಬಾಗಿಲು ತೆರೆಯಿತು. 1969ರ ಏಪ್ರಿಲ್‌ನಲ್ಲಿ ರೋಮ್ ಭಾರತದ ಸಭೆಗೆ ಹನ್ನೆರಡು ಮಾರ್ಪಾಡುಗಳನ್ನು ಒಪ್ಪಿತು. ನೆಲದ ಮೇಲೆ ಕೂರುವುದು, ಕೈಮುಗಿದು ನಮಿಸುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಆರತಿ ಅವುಗಳಲ್ಲಿ ಸೇರಿವೆ. ಬೆಂಗಳೂರಿನಲ್ಲಿ ಅಮಲೋರ್ಪವದಾಸ್ ಗುರುಗಳು ಕಟ್ಟಿದ ಆರಾಧನಾವಿಧಿಯ ರಾಷ್ಟ್ರೀಯ ಕೇಂದ್ರವೇ ಈ ಪ್ರಯೋಗಗಳ ತವರು. ಹಣೆ ನೆಲಕ್ಕೆ ತಾಕುವ ಪ್ರಣಾಮ ಆರಾಧನೆಗೆ ಎಷ್ಟು ಸಹಜವಾದ ಭಂಗಿ ಎಂಬುದನ್ನು ಹೇಳಬೇಕಿಲ್ಲ. ಆದರೂ ಅದು ಊರ ದೇವಾಲಯಗಳಲ್ಲಿ ಬೇರೂರಲಿಲ್ಲ. ಆರತಿ ಹಬ್ಬದ ದಿನದ ಅಲಂಕಾರವಾಗಿ ಉಳಿಯಿತು. ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಅದೇ ಗುಡಿಯ ಸಂಕೇತಗಳನ್ನು ತಂದುಕೊಟ್ಟದ್ದು ಇದಕ್ಕೆ ಮುಖ್ಯ ಕಾರಣ ಎಂಬ ದಲಿತ ದೇವಶಾಸ್ತ್ರಜ್ಞರ ಟೀಕೆ ಕೋಲಾರದಂಥ ಜಿಲ್ಲೆಯಲ್ಲಿ ನೇರವಾಗಿ ನಾಟುತ್ತದೆ. ಇಲ್ಲಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಬಹಳ ದೊಡ್ಡದು. ಅವರ ಕೈಯ ತಮಟೆಯೇ ಈ ಸೀಮೆಯ ಸ್ವಂತ ವಾದ್ಯ. ಕೊನೆಯ ಕೀರ್ತನೆ ದೇವರ ಸ್ತುತಿಗೆ ದಮ್ಮಡಿ, ತಾಳ, ಕುಣಿತಗಳನ್ನೇ ಕರೆಯುತ್ತದೆ. ಮೆರವಣಿಗೆಯಲ್ಲಿ ಮೊಳಗುವ ತಮಟೆ ದೇವಾಲಯದ ಹೊಸ್ತಿಲಲ್ಲಿ ನಿಂತುಬಿಡುವುದಕ್ಕೆ ಧರ್ಮಗ್ರಂಥದಲ್ಲಿ ಯಾವ ಆಧಾರವೂ ಇಲ್ಲ.

ಪೆಂತೆಕೊಸ್ತ್ ಸಭೆಗಳು ದೇಹ, ದನಿಗಳ ಈ ಕೊರತೆಯನ್ನು ಬೇರೆ ರೀತಿಯಲ್ಲಿ ತುಂಬಿವೆ. ಅಲ್ಲಿ ಪ್ರಾರ್ಥನೆ ಆರಂಭವಾಗುವುದೇ ‘ಸ್ತೋತ್ರ’ದಿಂದ. ಕೈಯೆತ್ತಿ, ಕಣ್ಮುಚ್ಚಿ, ಎಲ್ಲರೂ ಒಮ್ಮೆಲೇ ಬಾಯ್ತೆರೆದು ಸ್ತುತಿಸುವಾಗ ಕೂಲಿಯ ಹೆಂಗಸಿಗೂ ಸಭಾಪಾಲಕರಷ್ಟೇ ದನಿ ಇರುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಸ್ತುತಿಸಿದರೆ ಸಾಲ ತೀರುತ್ತದೆ, ರೋಗ ಬಿಡುತ್ತದೆ ಎಂಬ ಬೋಧನೆ ಅದರ ಬೆನ್ನಿಗೇ ಬಂದಾಗ ಸ್ತುತಿ ವ್ಯಾಪಾರಕ್ಕೆ ಇಳಿಯುತ್ತದೆ. ಯೋಬನ ಗ್ರಂಥದಲ್ಲಿ ಸೈತಾನನು ಎತ್ತುವ ಪ್ರಶ್ನೆಯೂ ಇದೇ: ಲಾಭವಿಲ್ಲದೆ ಮನುಷ್ಯ ದೇವರಿಗೆ ಭಯಪಡುತ್ತಾನೆಯೇ ಎಂಬುದು. ಆಸ್ತಿ, ಮಕ್ಕಳನ್ನು ಕಳೆದುಕೊಂಡು ನೆಲಕ್ಕೆ ಬಿದ್ದ ಯೋಬನು ಅಲ್ಲಿಯೇ ಆರಾಧಿಸಿದ. ವಾಸಿಯಾಗದವರ ಸ್ತುತಿಗೂ ವಾಸಿಯಾದವರ ಸಾಕ್ಷಿಯಷ್ಟೇ ಸ್ಥಾನ ಕೊಡದ ಸಭೆ ಯೋಬನನ್ನು ಓದಿದಂತಾಗಲಿಲ್ಲ.

ಭಾನುವಾರದ ಆಚೆಗಿನ ಆರಾಧನೆಗೆ ನರಸಾಪುರ ಒಂದು ಒರೆಗಲ್ಲು. ಬೆಂಗಳೂರು-ಕೋಲಾರ ಹೆದ್ದಾರಿಯ ಈ ಹೋಬಳಿ ಕೇಂದ್ರಕ್ಕೆ 2013ರಲ್ಲಿ ಹೋಂಡಾ ಕಾರ್ಖಾನೆ ಬಂದಿತು; ಆಮೇಲೆ ವಿಸ್ಟ್ರಾನ್ ಕಟ್ಟಿದ ಮೊಬೈಲ್ ಘಟಕ ಈಗ ಟಾಟಾ ಕೈಯಲ್ಲಿದೆ. ರಾಗಿ, ಹಿಪ್ಪುನೇರಳೆಯ ಊರುಗಳ ಮಕ್ಕಳು ಪಾಳಿಯ ಲೆಕ್ಕದಲ್ಲಿ ಬದುಕುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿದವರಿಗೆ ಬೆಳಗಿನ ಆರಾಧನೆ ನಿದ್ದೆಯ ಹೊತ್ತು. ಮನೆಮಂದಿಯೆಲ್ಲ ಕೂಡಿ ಸಂಜೆ ಜಪಸರ ಹೇಳುವ, ವೇದಪಾಠ ಓದುವ ರೂಢಿಗೂ ಬಾಡಿಗೆ ಕೋಣೆಯ ಬದುಕಿನಲ್ಲಿ ನೆಲೆ ಸಿಗುವುದು ಕಷ್ಟ. ಕ್ರೈಸ್ತ ಪರಂಪರೆಗೆ ಈ ಸ್ಥಿತಿ ಅಪರಿಚಿತವಲ್ಲ. ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಆದಿಸಭೆಯ ‘ದಿದಖೆ’ ವಿಧಿಸಿತ್ತು; ದುಡಿಯುವವರಿಗೆ ಎಟುಕುವ ನಿಯಮ ಅದು. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆ ಮಾಡುತ್ತಿದ್ದ ಬ್ರದರ್ ಲಾರೆನ್ಸ್, ಪಾತ್ರೆಗಳ ಗದ್ದಲದ ನಡುವೆಯೂ ಪರಮಪ್ರಸಾದದ ಮುಂದಿನಷ್ಟೇ ಶಾಂತಿಯಿಂದ ದೇವರ ಸನ್ನಿಧಿಯಲ್ಲಿರಬಹುದು ಎಂದು ತೋರಿದರು. ಕಾಯಕಕ್ಕೆ ಕೈಲಾಸದ ಬೆಲೆ ಕೊಟ್ಟ ವಚನಕಾರರ ನಾಡಿಗೆ ಈ ಮಾತು ಹೊರಗಿನದೆನಿಸುವುದಿಲ್ಲ.

ದೈನಿಕ ಆರಾಧನೆಗೆ ಇನ್ನೊಂದು ಮುಖವಿದೆ. ಬಡವರನ್ನು ತುಳಿಯುವವರ ಹಾಡುಗಳ ಗದ್ದಲವನ್ನು ದೇವರು ಕೇಳಲೊಲ್ಲ ಎಂದು ಪ್ರವಾದಿ ಆಮೋಸ ಎಚ್ಚರಿಸಿದ. ಬರಗಾಲದ ತಬ್ಬಲಿಗಳಿಗೆ ಉಣಿಸಿದ ಕೈಗಳೂ, ರೋಗಿಗಳ ಗಾಯ ತೊಳೆದ ಕೈಗಳೂ ಕೋಲಾರದಲ್ಲಿ ಸ್ತುತಿಯ ಮಾತಿಗೆ ತೂಕ ತಂದುಕೊಟ್ಟವು. ಇಂದು ಈ ಸೀಮೆಯ ಸಭೆಗಳಲ್ಲಿ ಹಾಡಿನ ಹುರುಪಿಗೇನೂ ಕೊರತೆಯಿಲ್ಲ. ಮೌನ ಕಡಿಮೆ, ಬೇಡಿಕೆ ಹೆಚ್ಚು, ವಾರದ ಆರು ದಿನಗಳಿಗೆ ಒದಗುವ ಕ್ರಮವಂತೂ ಇಲ್ಲವೆನ್ನುವಷ್ಟು ವಿರಳ. ಪಾಳಿಗೆ ಹೊರಡುವ ಮುನ್ನ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ, ಒಂದು ಕೀರ್ತನೆ, ಒಂದಿಷ್ಟು ಮೌನ, ಕರ್ತನ ಪ್ರಾರ್ಥನೆ ಇಷ್ಟನ್ನೇ ಒಳಗೊಂಡ ಕಿರುಪುಸ್ತಕವೊಂದನ್ನು ಕ್ಯಾಥೊಲಿಕ್, ಮೆಥಡಿಸ್ಟ್, ಪೆಂತೆಕೊಸ್ತ್ ಸಭೆಗಳು ಒಟ್ಟಾಗಿ ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ತಂದು, ನರಸಾಪುರದ ಸುತ್ತಲಿನ ಕಾರ್ಮಿಕರ ಕೈಗೆ ಕೊಡಬೇಕು.