ಶ್ರೀಮತಿಯ ಚಿತ್ರಪಟ: ಅಗಲಿದವರನ್ನು ಕನಸಿನಲ್ಲಿ ಕಾಣುವ ವಿಚಾರ

ಅಗಲಿದ ಪ್ರಿಯಜನರು ಕನಸಿನಲ್ಲಿ ಕಾಣಿಸಿಕೊಳ್ಳುವುದು ಮನುಷ್ಯನಷ್ಟೇ ಹಳೆಯ ಅನುಭವ. ಆದರೆ ಅವರನ್ನು ನಾವೇ ಇಚ್ಛಿಸಿ, ಇದು ಕನಸೆಂಬ ಅರಿವನ್ನು ಉಳಿಸಿಕೊಂಡೇ ಕರೆಸಿ ಮಾತನಾಡಿಸಬಹುದೆಂಬ ವಿದ್ಯೆಯೊಂದು ಈಚಿನ ವರ್ಷಗಳಲ್ಲಿ ನಮ್ಮ ನಡುವೆಯೂ ಪ್ರಚಾರಕ್ಕೆ ಬಂದಿದೆ. ಪಾಶ್ಚಾತ್ಯರು ಇಂತಹ ಕನಸನ್ನು ‘ಲೂಸಿಡ್ ಡ್ರೀಮ್’ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಅರಿವಿನ ಕನಸು’ ಎಂದು ಕರೆಯುತ್ತೇನೆ. ವಿದ್ಯೆ ಹೊಸದಿರಬಹುದು, ಅದರ ಹಿಂದಿರುವ ಹಂಬಲ ಹೊಸದಲ್ಲ. ಆ ಹಂಬಲವನ್ನೇ ವಸ್ತುವಾಗಿ ಉಳ್ಳ ಕಥೆ ಪಂಪನ ಆದಿಪುರಾಣದಲ್ಲಿದೆ. ಶ್ರೀಮತಿ–ವಜ್ರಜಂಘರ ಆ ಭಾಗವನ್ನು ನಮ್ಮ ವಿಮರ್ಶಕರು ಬಹುಮಟ್ಟಿಗೆ ಭೋಗ ಮತ್ತು ತ್ಯಾಗಗಳ ದೃಷ್ಟಿಯಿಂದ ಓದಿ ಮೆಚ್ಚಿದ್ದಾರೆ. ಅದು ಸರಿಯೇ. ಆದರೆ ಸತ್ತವರನ್ನು ಮತ್ತೆ ಕಾಣುವುದೆಂದರೇನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಆ ಭಾಗ ಇಂದಿನವರಿಗೆ ಇನ್ನೂ ಹೆಚ್ಚು ಉಪಯುಕ್ತವಾದೀತೆಂದು ನನಗೆ ತೋರುತ್ತದೆ.

ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಕೋವಿಡ್‌ನಿಂದ ಮೃತರಾದವರಿಗೆಂದು ಮೀಸಲಿಟ್ಟ ಚಿತಾಗಾರಗಳಲ್ಲಿ ನಮ್ಮ ಕೆಂಗೇರಿಯದೂ ಒಂದಾಗಿತ್ತು. ಸಾಲುಗಟ್ಟಿ ನಿಂತ ಆಂಬುಲೆನ್ಸುಗಳನ್ನು ಕಂಡವರು ಅದನ್ನು ಮರೆಯಲಾರರು. ಆ ದಿನಗಳಲ್ಲಿ ಎಷ್ಟೋ ಮನೆಗಳವರು ತಮ್ಮವರ ಮುಖವನ್ನು ಕೊನೆಯದಾಗಿ ಕಾಣಲಿಲ್ಲ. ಕಿವಿಯಲ್ಲಿ ಪಂಚನಮಸ್ಕಾರ ಹೇಳುವ ಅವಕಾಶವೂ ಅವರಿಗೆ ದೊರೆಯಲಿಲ್ಲ. ನನ್ನ ಪರಿಚಯದ ಶ್ರಾವಕರೊಬ್ಬರು ಆಗ ಪತ್ನಿಯನ್ನು ಕಳೆದುಕೊಂಡರು. ಅವರು ಮೊಬೈಲ್ ಫೋನಿನಲ್ಲಿ ಈ ವಿದ್ಯೆಯ ಕ್ರಮವನ್ನು ತಿಳಿದು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಎರಡು ಬಾರಿ ಆಕೆಯನ್ನು ಕಂಡರಂತೆ. ಎರಡು ಬಾರಿಯೂ ಆಕೆ ನಗುತ್ತ ‘ನಿಮ್ಮ ತಪ್ಪೇನೂ ಇಲ್ಲ’ ಎಂದರಂತೆ. ಇದು ಧರ್ಮಕ್ಕೆ ಸಮ್ಮತವೇ ಎಂದು ಅವರು ಕೇಳಿದರು. ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಬಹುದಾದ ಪ್ರಶ್ನೆ ಇದಲ್ಲ.

ಮೊದಲು ವಿಜ್ಞಾನದ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಅವಸ್ಥೆಯೊಂದಿದೆ, ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ ಎಂಬುದು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನೆಯಿಂದ ತಿಳಿಯಿತು. 1975ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಕೀತ್ ಹರ್ನ್ ಎಂಬವರು ನಡೆಸಿದ ಪ್ರಯೋಗದಲ್ಲಿ, ಮಲಗಿದ್ದ ವ್ಯಕ್ತಿ ಕನಸಿನೊಳಗಿನಿಂದಲೇ ಮೊದಲು ಒಪ್ಪಿಕೊಂಡ ರೀತಿಯಲ್ಲಿ ಕಣ್ಣು ಹೊರಳಿಸಿ ಸಂಕೇತ ಕೊಟ್ಟ. ಅನಂತರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿದರು. ಆದ್ದರಿಂದ ಅರಿವಿನ ಕನಸು ಎಂಬುದುಂಟು, ಅದು ಬರಿಯ ಬಡಾಯಿಯಲ್ಲ ಎಂದು ಒಪ್ಪಬೇಕು. ಆದರೆ ಆ ಪ್ರಯೋಗಗಳಿಂದ ಸಿದ್ಧವಾದುದು ಕನಸು ಕಾಣುವವನ ಎಚ್ಚರ ಮಾತ್ರ. ಕನಸಿನಲ್ಲಿ ಬಂದವರು ಯಾರು ಎಂಬುದಕ್ಕೆ ಅವು ಉತ್ತರ ಹೇಳುವುದಿಲ್ಲ.

‘ಲೂಸಿಡ್ ಡ್ರೀಮ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದ ಡಚ್ ವೈದ್ಯ ಮತ್ತು ಸಾಹಿತಿ ಫ್ರೆಡೆರಿಕ್ ವಾನ್ ಈಡನ್ ಆ ಇನ್ನೊಂದು ಪ್ರಶ್ನೆಗೂ ಉತ್ತರ ದೊರೆತಿದೆಯೆಂದು ನಂಬಿದ್ದ. 1913ರ ತನ್ನ ಪ್ರಬಂಧದಲ್ಲಿ ಅವನು 1903ರ ಕನಸೊಂದನ್ನು ಹೇಳುತ್ತಾನೆ. ತೀರಿಕೊಂಡಿದ್ದ ಅವನ ಭಾವ ಕನಸಿನಲ್ಲಿ ಎದುರಾದ. ಅವನು ಸತ್ತವನೆಂಬ ಅರಿವು ಕನಸಿನಲ್ಲಿಯೂ ಇತ್ತು. ಹತ್ತು ಸಾವಿರ ಗಿಲ್ಡರ್ ನಷ್ಟವಾಗಲಿದೆಯೆಂದು ಆ ಭಾವ ಎಚ್ಚರಿಸಿದ. ಮುಂದೆ ನಷ್ಟವೇನೋ ಆಯಿತು, ಆದರೆ ಹೇಳಿದ್ದರ ಇಪ್ಪತ್ತು ಪಟ್ಟು! ವಾನ್ ಈಡನ್ ಇದನ್ನು ನಿಜವಾದ ಭವಿಷ್ಯವಾಣಿಯೆಂದೇ ಎಣಿಸಿದ. ಹತ್ತು ಸಾವಿರಕ್ಕೂ ಎರಡು ಲಕ್ಷಕ್ಕೂ ತಾಳೆಯಾಯಿತೆಂದು ಒಪ್ಪುವ ಲೆಕ್ಕಿಗನನ್ನು ನಾನಂತೂ ಕಂಡಿಲ್ಲ. ಅದೂ ಅಲ್ಲದೆ, ಅವನು 1898ರಲ್ಲಿ ‘ವಾಲ್ಡೆನ್’ ಎಂಬ ಸಹಕಾರಿ ನೆಲೆಯನ್ನು ಸ್ಥಾಪಿಸಿ ಅದರಲ್ಲಿ ಹಣ ತೊಡಗಿಸಿದ್ದವನು. 1907ರಲ್ಲಿ ಅದು ಕುಸಿಯಿತು. ಹಗಲಿನಲ್ಲಿ ಒಪ್ಪಿಕೊಳ್ಳಲು ಮನಸ್ಸಿಲ್ಲದ ಲೆಕ್ಕ ರಾತ್ರಿ ಭಾವನ ಬಾಯಿಯಿಂದ ಹೊರಟಿತೆಂದು ಭಾವಿಸಲು ಪರಲೋಕದ ಸಹಾಯ ಬೇಕಾಗುವುದಿಲ್ಲ.

ನಮ್ಮ ಸಿದ್ಧಾಂತದಲ್ಲಿ ಈ ವಿಷಯಕ್ಕೆ ಗೊಂದಲವಿಲ್ಲ. ಜೀವವು ದೇಹವನ್ನು ಬಿಟ್ಟ ಮೇಲೆ ವಿಗ್ರಹಗತಿಯಲ್ಲಿ ಹೆಚ್ಚೆಂದರೆ ಮೂರು ತಿರುವುಗಳನ್ನು ದಾಟಿ ನಾಲ್ಕನೆಯ ಸಮಯಕ್ಕೆ ತನ್ನ ಹೊಸ ಜನ್ಮಸ್ಥಾನವನ್ನು ಸೇರುತ್ತದೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಿಂದ ತಿಳಿಯುತ್ತದೆ. ಕಣ್ಣೆವೆ ಇಕ್ಕುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ. ಅಂದರೆ ನಮ್ಮ ಮೊದಲ ಕಣ್ಣೀರು ಕೆನ್ನೆಗಿಳಿಯುವ ಮೊದಲೇ ಅಗಲಿದವರು ಬೇರೊಂದು ಭವದಲ್ಲಿದ್ದಾರೆ. ಹಾಗಾದರೆ ಕನಸಿನಲ್ಲಿ ಬಂದುದು? ಅದು ನಮ್ಮ ಮತಿಜ್ಞಾನದ ಧಾರಣೆ. ನಾವು ಹಿಂದೆ ಕಂಡು ಕೇಳಿ ಉಳಿಸಿಕೊಂಡುದರ ಮರುರೂಪ. ದೇವಗತಿಯನ್ನು ಪಡೆದವರು ಹಿಂದಿನ ಬಂಧುಗಳ ಬಳಿಗೆ ಬಂದು ಬೋಧಿಸಿದ ಕಥೆಗಳು ಪುರಾಣಗಳಲ್ಲಿ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಇವೆ. ಶ್ರೀಧರದೇವನು ನರಕಕ್ಕೇ ಇಳಿದು ಹಿಂದಿನ ಭವದ ಮಂತ್ರಿ ಶತಮತಿಯನ್ನು ಎಚ್ಚರಿಸುತ್ತಾನೆ. ಆದರೆ ಅಲ್ಲೆಲ್ಲ ಬರುವವನು ತನ್ನ ಅವಧಿಜ್ಞಾನದಿಂದ ತಿಳಿದು, ತಾನಾಗಿ ಬರುತ್ತಾನೆ. ಯಾರ ಅಭ್ಯಾಸಬಲದಿಂದಲೂ ಕರೆಸಲ್ಪಡುವುದಿಲ್ಲ.

ಈಗ ಶ್ರೀಮತಿಯ ಕಥೆಗೆ ಬರೋಣ. ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸುವಾಗ ಜಿನಸೇನಾಚಾರ್ಯರ ಸಂಸ್ಕೃತ ಕೃತಿಯನ್ನು ಮುಂದಿಟ್ಟುಕೊಂಡಿದ್ದನೆಂಬುದು ಸರ್ವವಿದಿತ. ಈಶಾನಕಲ್ಪದಲ್ಲಿ ಲಲಿತಾಂಗದೇವನೂ ಸ್ವಯಂಪ್ರಭೆಯೂ ಅನುರಕ್ತರು. ಆಯುಷ್ಯ ತೀರಿ ಲಲಿತಾಂಗ ಮರೆಯಾಗುತ್ತಾನೆ. ಶೋಕಿಸಿದ ಸ್ವಯಂಪ್ರಭೆ ಜಿನಪೂಜೆಯಲ್ಲಿ ಉಳಿದ ಕಾಲವನ್ನು ಕಳೆದು ಪುಂಡರೀಕಿಣಿಯ ಚಕ್ರವರ್ತಿ ವಜ್ರದಂತನ ಮಗಳು ಶ್ರೀಮತಿಯಾಗಿ ಹುಟ್ಟುತ್ತಾಳೆ. ಒಂದು ದಿನ ಯಶೋಧರ ಗುರುಗಳಿಗೆ ಕೇವಲಜ್ಞಾನವಾದಾಗ ಪೂಜೆಗೆ ದೇವತೆಗಳು ಬರುತ್ತಾರೆ. ಮಲಗಿದ್ದ ಶ್ರೀಮತಿ ಆ ಸದ್ದಿಗೆ ಎಚ್ಚತ್ತು ಅವರನ್ನು ಕಾಣುತ್ತಾಳೆ. ಹಿಂದಿನ ಜನ್ಮ ನೆನಪಾಗಿ ಮೂರ್ಛೆ ಹೋಗುತ್ತಾಳೆ. ಇಲ್ಲೊಂದು ಸೂಕ್ಷ್ಮವಿದೆ. ನಿದ್ರೆಯೆಂಬುದು ನಮ್ಮ ಶಾಸ್ತ್ರದಲ್ಲಿ ದರ್ಶನಾವರಣೀಯ ಕರ್ಮದ ಉದಯ. ಆ ಆವರಣ ಸರಿದ ಮೇಲೆ, ಎಚ್ಚರದಲ್ಲಿ, ಬಯಸದೇ ಇದ್ದಾಗ ಆಕೆಗೆ ನೆನಪು ಬರುತ್ತದೆ. ಕವಿಗೆ ಕನಸೊಂದನ್ನು ಹೆಣೆಯುವುದು ಕಷ್ಟವಿರಲಿಲ್ಲ, ಕಥೆ ಆ ದಾರಿಯನ್ನು ಹಿಡಿಯಲಿಲ್ಲ.

ನೆನಪು ಬಂದ ಮೇಲೆ ಶ್ರೀಮತಿ ಮಾಡಿದ್ದೇನು? ಮೌನ ಹಿಡಿದಳು. ದಾದಿ ಪಂಡಿತೆ ಒಲಿಸಿ ಕೇಳಿದಾಗ ಹೇಳಿಕೊಂಡು, ಹಿಂದಿನ ಭವದ ಸಂಗತಿಗಳನ್ನು ಪಟದಲ್ಲಿ ಚಿತ್ರಿಸಿ, ಕೆಲವನ್ನು ಗೂಢವಾಗಿರಿಸಿ ಕೊಟ್ಟಳು. ಪಂಡಿತೆ ಅದನ್ನು ಮಹಾಪೂತ ಜಿನಾಲಯದಲ್ಲಿ ಎಲ್ಲರೂ ನೋಡುವಂತೆ ಹರಡಿದಳು. ನಾನೇ ಆ ಪ್ರಿಯನೆಂದು ಬಂದ ಕಪಟಿಗಳು ಗೂಢಾರ್ಥವನ್ನು ಕೇಳಿದಾಗ ನಾಚಿ ಹಿಂದಿರುಗಿದರು. ವಜ್ರಜಂಘನು ಮಾತ್ರ ಪಟವನ್ನು ಕಂಡು ಮೂರ್ಛಿತನಾಗಿ, ಎಚ್ಚತ್ತು, ಅದರಲ್ಲಿ ಬರೆಯದೆ ಬಿಟ್ಟುದನ್ನೂ ಹೇಳಬಲ್ಲವನಾದ.

ಈ ಪ್ರಸಂಗವನ್ನು ಶೃಂಗಾರದ ಪೀಠಿಕೆಯೆಂದು ದಾಟಿಹೋಗುವುದು ನನಗೆ ಸರಿದೋರದು. ವ್ಯಾಪಾರಿಯಾದವನಿಗೆ ಇದು ಬೇಗ ಅರ್ಥವಾಗುತ್ತದೆ: ಜಮೆಯನ್ನೂ ಖರ್ಚನ್ನೂ ಒಂದೇ ಕೈ ಬರೆದ ಪುಸ್ತಕಕ್ಕೆ ಹೊರಗಿನ ರಸೀದಿಯ ಆಧಾರ ಬೇಕು. ಶ್ರೀಮತಿಗೆ ತನ್ನ ನೆನಪಿನಲ್ಲಿ ಸಂದೇಹವಿರಲಿಲ್ಲ. ಆದರೂ ಆಕೆಯ ಮನಸ್ಸಿನ ಹೊರಗೆ, ಆಕೆಯ ಇಚ್ಛೆಗೆ ಅಧೀನನಲ್ಲದ ಇನ್ನೊಬ್ಬನು ಬಂದು ತಾನಾಗಿ ಹೇಳಬೇಕಾಯಿತು. ಅರಿವಿನ ಕನಸಿನಲ್ಲಿ ಕೊರತೆಯಾಗುವುದು ಈ ಇನ್ನೊಬ್ಬನೇ. ಅಲ್ಲಿ ಪಟ ಬರೆಯುವವರೂ ನಾವು, ಪಟವನ್ನು ನೋಡಿ ಮೂರ್ಛೆ ಹೋಗುವವರೂ ನಾವು. ‘ನಿಮ್ಮ ತಪ್ಪೇನೂ ಇಲ್ಲ’ ಎಂಬ ಮಾತನ್ನು ಆ ಸಜ್ಜನರ ಪತ್ನಿ ಬದುಕಿದ್ದರೆ ಹೇಳುತ್ತಿದ್ದರೋ ಏನೋ. ಹೇಳುವ ಹಕ್ಕು ಆಕೆಯದು. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ಅಣುವ್ರತ ಹಣಕ್ಕೆ ಮಾತ್ರ ಅನ್ವಯಿಸುತ್ತದೆಯೆ, ಅಗಲಿದವರ ಮಾತಿಗೂ ಅನ್ವಯಿಸಬೇಡವೆ? ಸೂತ್ರದ ಅಕ್ಷರಾರ್ಥಕ್ಕಿಂತ ನಾನು ಸ್ವಲ್ಪ ಮುಂದೆ ಹೋಗುತ್ತಿದ್ದೇನೆಂದು ಬಲ್ಲೆ, ಆದರೂ ಅನ್ವಯಿಸಬೇಕೆಂದೇ ನನ್ನ ಅಭಿಮತ.

ಹಾಗೆಂದು ಕನಸು ಕಂಡು ಅತ್ತವರನ್ನು ಪಾಪಿಗಳೆನ್ನುವ ಕಠೋರತೆಯೂ ನಮ್ಮ ಶಾಸ್ತ್ರದಲ್ಲಿಲ್ಲ. ಕೆಲವು ಪ್ರವಚನಕಾರರಲ್ಲಿ ಇದೆ. ಇಷ್ಟವಿಯೋಗದಿಂದ ಹುಟ್ಟುವ ಚಿಂತೆ ಆರ್ತಧ್ಯಾನವೆಂಬುದು ನಿಜ. ಆದರೆ ಅದೇ ತತ್ತ್ವಾರ್ಥಸೂತ್ರವು ಆರ್ತಧ್ಯಾನವು ವ್ರತವಿಲ್ಲದವರಿಗೂ, ಅಣುವ್ರತಿಗಳಿಗೂ, ಪ್ರಮತ್ತಸಂಯತರಾದ ಮುನಿಗಳಿಗೂ ಸಂಭವಿಸುತ್ತದೆಂದು ಹೇಳುತ್ತದೆ. ಮಹಾವ್ರತಿಗಳನ್ನೂ ಬಿಡದುದು ಮಡದಿಯನ್ನು ಕಳೆದುಕೊಂಡ ಗೃಹಸ್ಥನನ್ನು ಬಿಟ್ಟೀತೆ? ತಾನಾಗಿ ಬಂದ ಕನಸಿನಲ್ಲಿ ದೋಷವೆಣಿಸುವುದು ಅನ್ಯಾಯ. ಅದನ್ನು ದಿನದಿನವೂ ಬರಿಸಿಕೊಳ್ಳುವ ಉದ್ಯೋಗಕ್ಕೆ ತೊಡಗಿದಾಗ ಮಾತ್ರ, ವಿಯೋಗದ ನೆನಪನ್ನು ನಾವೇ ನೀರೆರೆದು ಬೆಳೆಸಿದಂತಾಗುತ್ತದೆ. ಕನಸಿನ ಹೆಸರಿನಲ್ಲಿ ಆಗುವ ಇನ್ನೂ ದೊಡ್ಡ ಅನರ್ಥಕ್ಕೆ ಜನ್ನನ ಯಶೋಧರಚರಿತೆ (1209) ಸಾಕ್ಷಿ: ಅಲ್ಲಿ ಕೆಟ್ಟ ಕನಸು ಕಂಡೆನೆಂಬ ಸುಳ್ಳೊಂದು ಹಿಟ್ಟಿನ ಕೋಳಿಯ ಬಲಿಗೆ, ತಾಯಿ ಮಗ ಇಬ್ಬರ ಭವಭವಗಳ ದುಃಖಕ್ಕೆ ದಾರಿಯಾಯಿತು.

ಶ್ರೀಮತಿ ವಜ್ರಜಂಘರು ಕೂಡಿದರು; ಕೂಡಿ ಏನಾಯಿತು? ಶಯ್ಯಾಗೃಹದಲ್ಲಿ ಸುಗಂಧ ಧೂಪವಿಟ್ಟ ಸೇವಕರು ಗವಾಕ್ಷಗಳನ್ನು ತೆರೆಯಲು ಮರೆತರು. ಆ ಹೊಗೆಯಲ್ಲಿ ಉಸಿರು ಕಟ್ಟಿ ಇಬ್ಬರೂ ಆಲಿಂಗನದಲ್ಲಿಯೇ ಸತ್ತರು. ಪಂಪನ ಲೇಖನಿ ಮಿಗಿಲಾಗಿ ಮಿಂಚಿದ ಎಡೆಗಳಲ್ಲಿ ಇದೂ ಒಂದು. ಜನ್ಮಾಂತರದಿಂದ ಹುಡುಕಿ ಪಡೆದ ಪ್ರಿಯನೊಡನೆಯೂ ಇರಲಾದದ್ದು ಅಷ್ಟೇ ಕಾಲ. ಕವಿ ಅವರನ್ನು ನಿಂದಿಸುವುದಿಲ್ಲ, ಹೊಗೆಯನ್ನು ಮಾತ್ರ ತೋರಿಸುತ್ತಾನೆ.

ಆಮೇಲಿನ ಭವಾವಳಿ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಕನಸಿನಲ್ಲಿ ನಾವು ಬೇಡುವುದು ಅದೇ ಮುಖವನ್ನು. ಪುರಾಣದಲ್ಲಿ ಆ ಮುಖ ಉಳಿಯುವುದೇ ಇಲ್ಲ. ಶ್ರೀಮತಿಯ ಜೀವ ಮುಂದೆ, ವಜ್ರಜಂಘನು ಸುವಿಧಿಯಾದಾಗ, ಕೇಶವನೆಂಬ ಅವನ ಮಗನಾಗುತ್ತದೆ. ಆ ಮಗನ ಮೇಲಿನ ಮೋಹದಿಂದ ಸುವಿಧಿ ಮನೆ ಬಿಡಲಾರದೆ ಶ್ರಾವಕವ್ರತಗಳಲ್ಲಿಯೇ ನಿಲ್ಲುತ್ತಾನೆ. ಒಲವು ಅದೇ, ಅದು ಯಾರ ಮೇಲಿನದೆಂದು ಅವನು ಅರಿಯ. ಇನ್ನೊಂದು ಭವದಲ್ಲಿ ಅದೇ ಜೀವ ಧನದೇವನೆಂಬ ವೈಶ್ಯನಾಗಿ ಚಕ್ರವರ್ತಿ ವಜ್ರನಾಭಿಯ ಗೃಹಪತಿರತ್ನವಾಗುತ್ತದೆ. (ನಮ್ಮ ಕಸುಬಿನವರಿಗೆ ಪುರಾಣದಲ್ಲಿ ಇಷ್ಟು ಗೌರವದ ಸ್ಥಾನ ದೊರೆತಿರುವುದನ್ನು ಓದುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.) ಇನ್ನು ವಜ್ರಜಂಘ ಶ್ರೀಮತಿಯರು ಕಾಡಿನ ಬೀಡಿನಲ್ಲಿ ದಮಧರ, ಸಾಗರಸೇನರೆಂಬ ಚಾರಣಮುನಿಗಳಿಗೆ ಆಹಾರದಾನ ಮಾಡಿದ ಸಂಗತಿ. ದಾನ ಮುಗಿದ ಮೇಲೆ, ಈ ಇಬ್ಬರೂ ನಿಮ್ಮ ಕಿರಿಯ ಮಕ್ಕಳೇ ಎಂದು ಕಂಚುಕಿ ಹೇಳಬೇಕಾಯಿತು. ಬದುಕಿರುವ ಮಕ್ಕಳನ್ನೇ ಹೆತ್ತವರು ಗುರುತಿಸಲಿಲ್ಲ, ಗುರುತಿಸದೆಯೇ ಅನ್ನವನ್ನಿಕ್ಕಿದರು.

ಆ ಶ್ರಾವಕರಿಗೆ ನಾನು ಹೇಳಿದ್ದು ಇಷ್ಟು. ಆಕೆಯಲ್ಲಿ ಕ್ಷಮೆ ಬೇಡಬೇಕೆನಿಸಿದರೆ ಅದಕ್ಕೆ ಪ್ರತಿಕ್ರಮಣವಿದೆ, ಕ್ಷಮಾವಣಿಯಿದೆ. ಅಲ್ಲಿ ನಾವು ಎಲ್ಲ ಜೀವಗಳಲ್ಲಿಯೂ ಕ್ಷಮೆ ಯಾಚಿಸುತ್ತೇವೆ. ಆಕೆ ಈಗ ಯಾವ ಗತಿಯಲ್ಲಿದ್ದರೂ ಆ ಎಲ್ಲರಲ್ಲಿ ಸೇರಿದವಳೇ. ಅಲ್ಲಿ ಉತ್ತರವನ್ನು ಕಾಯುವ ಪದ್ಧತಿಯಿಲ್ಲ. ಅವರು ಒಪ್ಪಿದರೆಂದು ಹೇಳಲಾರೆ. ‘ಉತ್ತರವೇ ಬೇಕೆನಿಸುತ್ತದಲ್ಲ’ ಎಂದರು. ಬೇಕೆನಿಸುತ್ತದೆ, ನಿಜ.

ಈ ಕಥೆಯ ಕೊನೆಯ ಭೇಟಿ ಹಸ್ತಿನಾಪುರದಲ್ಲಿ ನಡೆಯುತ್ತದೆ. ವಜ್ರಜಂಘನ ಜೀವ ವೃಷಭನಾಥನಾಗಿ ದೀಕ್ಷೆ ವಹಿಸಿದೆ. ಶ್ರೀಮತಿಯ ಜೀವ ಸೋಮಪ್ರಭ ರಾಜನ ತಮ್ಮ ಶ್ರೇಯಾಂಸನಾಗಿದೆ. ಆರು ತಿಂಗಳ ಉಪವಾಸ ಮುಗಿದ ಮೇಲೆಯೂ ಮತ್ತೆ ತಿಂಗಳುಗಟ್ಟಲೆ ಸ್ವಾಮಿಗೆ ಆಹಾರ ದೊರೆತಿಲ್ಲ. ಜನ ರತ್ನಗಳನ್ನು, ಆನೆಗಳನ್ನು, ಕನ್ಯೆಯರನ್ನು ತಂದೊಡ್ಡುತ್ತಾರೆ, ಮುನಿಗೆ ಅನ್ನವಿಕ್ಕುವ ವಿಧಿ ಯಾರಿಗೂ ತಿಳಿಯದು. ಹಿಂದಿನ ರಾತ್ರಿಯ ಕೊನೆಯ ಜಾವದಲ್ಲಿ ಶ್ರೇಯಾಂಸನಿಗೆ ಕನಸುಗಳು ಬಿದ್ದವು. ಅವುಗಳಲ್ಲಿ ಮೇರುವಿತ್ತು, ಕಲ್ಪವೃಕ್ಷವಿತ್ತು, ಸಿಂಹವಿತ್ತು, ಸಮುದ್ರವಿತ್ತು, ಪ್ರಿಯನ ಮುಖವಿರಲಿಲ್ಲ. ಹಗಲಿನಲ್ಲಿ ಸ್ವಾಮಿಯನ್ನು ಕಂಡೊಡನೆ ಜಾತಿಸ್ಮರಣವಾಯಿತು. ಶ್ರೀಮತಿಯಾಗಿದ್ದಾಗ ಆ ಇಬ್ಬರು ಮುನಿಗಳಿಗೆ ಅನ್ನವಿಕ್ಕಿದ ಕ್ರಮ ನೆನಪಿಗೆ ಬಂದಿತು. ನಾವು ಇಂದಿಗೂ ಅಕ್ಷಯತೃತೀಯೆಯೆಂದು ಆಚರಿಸುವುದು ಆ ದಿನವನ್ನೇ. ಅನಂತರ ಭರತ ಚಕ್ರವರ್ತಿ ಕೇಳಿದಾಗ ಶ್ರೇಯಾಂಸನು ಹಿಂದಿನ ಭವಗಳನ್ನೆಲ್ಲ ವಿವರಿಸುತ್ತಾನೆ. ಸ್ವಾಮಿಯ ಎದುರಿನಲ್ಲಿ ಮಾತ್ರ ಆ ಮಾತೆತ್ತುವುದಿಲ್ಲ. ವಿಧಿಪೂರ್ವಕವಾಗಿ ಬರಮಾಡಿಕೊಂಡು, ಚಾಚಿದ ಕೈಗಳಿಗೆ ಕಬ್ಬಿನ ಹಾಲನ್ನೆರೆಯುತ್ತಾನೆ. ಸ್ವಾಮಿ ನಿಂತೇ ಆಹಾರವನ್ನು ಸ್ವೀಕರಿಸಿ, ಮೌನದಲ್ಲಿಯೇ ವನಕ್ಕೆ ತೆರಳುತ್ತಾನೆ.